ದೂರ ಒಂದೇ, ಹೋಗಲೊಂದು ಸಮಯ, ಬರಲೊಂದು ಸಮಯ

ಲಂಡನ್‌ನಿಂದ ನ್ಯೂಯಾರ್ಕ್‌ಗೆ ವಿಮಾನದಲ್ಲಿ ಹೋಗಲು ಸುಮಾರು 8 ಗಂಟೆ ಬೇಕು. ಮರಳಿ ಬರಲು 7 ಗಂಟೆ ಸಾಕು. ದೂರ ಮಾತ್ರ ಎರಡೂ ಕಡೆಯಿಂದ 5,550 ಕಿ.ಮೀ. ಆಸುಪಾಸು.

ನ್ಯೂಯಾರ್ಕ್ ಇರುವುದು ಲಂಡನ್‌ಗಿಂತ ಸುಮಾರು 11 ಡಿಗ್ರಿ ದಕ್ಷಿಣದಲ್ಲಿ. ಆದರೂ ಅತಿ ಹತ್ತಿರದ ದಾರಿ ಲಂಡನ್ ಬಿಡುತ್ತಲೇ ತುಸು ಉತ್ತರಕ್ಕೆ ವಾಲುತ್ತದೆ. ಚಪ್ಪಟೆ ನಕ್ಷೆಯಲ್ಲಿ ಇದು ಸುತ್ತುದಾರಿಯಂತೆ ಕಾಣುತ್ತದೆ. ಗ್ಲೋಬಿನ ಮೇಲೆ ಎರಡೂ ಊರುಗಳ ನಡುವೆ ದಾರ ಬಿಗಿದು ನೋಡಿದರೆ ಅದೇ ನೇರ ದಾರಿ ಎಂಬುದು ತಿಳಿಯುತ್ತದೆ. ಇದಕ್ಕೆ ಮಹಾವೃತ್ತದ ದಾರಿ ಎನ್ನುತ್ತಾರೆ. ಭೂಮಿಯ ಕೇಂದ್ರದಲ್ಲಿ ಈ ಎರಡು ಊರುಗಳು ಮಾಡುವ ಕೋನ ಹೆಚ್ಚುಕಡಿಮೆ 50 ಡಿಗ್ರಿ. ಡಿಗ್ರಿಗೆ 111 ಕಿ.ಮೀ.ಯಂತೆ ಗುಣಿಸಿದರೆ ದೂರ ಸಿಗುತ್ತದೆ.

ಸಮಯದ ಲೆಕ್ಕ ಇಷ್ಟು ಸಲೀಸಲ್ಲ. 35,000 ಅಡಿ ಎತ್ತರದಲ್ಲಿ ದೊಡ್ಡ ಜೆಟ್ ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ. ಆದರೆ ಇದು ಸುತ್ತಲಿನ ಗಾಳಿಗೆ ಹೋಲಿಸಿದ ವೇಗ. ನೆಲದ ಮೇಲಿನ ವೇಗ ಬೇಕೆಂದರೆ ಬೆನ್ನ ಹಿಂದಿನ ಗಾಳಿಯನ್ನು ಕೂಡಬೇಕು, ಎದುರುಗಾಳಿಯನ್ನು ಕಳೆಯಬೇಕು. ಅಟ್ಲಾಂಟಿಕ್ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಎಂಬ ಎತ್ತರದ ಬಿರುಸು ಗಾಳಿಯ ವೇಗ ದಾರಿಯುದ್ದಕ್ಕೂ ಗಂಟೆಗೆ ಸರಾಸರಿ 100 ಕಿ.ಮೀ. ಇದೆ ಎನ್ನಿ. ಪೂರ್ವಕ್ಕೆ ಹಾರುವಾಗ ವೇಗ 1,000, ಸಮಯ 5 ಗಂಟೆ 33 ನಿಮಿಷ. ಪಶ್ಚಿಮಕ್ಕೆ ವೇಗ 800, ಸಮಯ 6 ಗಂಟೆ 56 ನಿಮಿಷ. ನಿಲ್ದಾಣದೊಳಗಿನ ಓಡಾಟ, ಏರುವಾಗ ಇಳಿಯುವಾಗಿನ ಕಡಿಮೆ ವೇಗ, ಇವಕ್ಕೆಲ್ಲ ಇನ್ನೊಂದು ಮುಕ್ಕಾಲು ಗಂಟೆ ಸೇರಿಸಿ. ಇಳಿಯುವ ಕೆಲಸವಂತೂ ಸುಮಾರು 200 ಕಿ.ಮೀ. ಬಾಕಿ ಇರುವಾಗಲೇ ಶುರುವಾಗುತ್ತದೆ.

ಹೋಗುವಾಗ ಕಳೆದದ್ದು ಬರುವಾಗ ಸಿಕ್ಕಿ ಸರಿಹೋಗುತ್ತದೆ ಎಂದು ಹಲವರು ಭಾವಿಸುತ್ತಾರೆ. ಸರಿಹೋಗುವುದಿಲ್ಲ. ಗಾಳಿಯೇ ಇಲ್ಲದಿದ್ದರೆ ಹೋಗಿಬರುವ ಹಾರಾಟಕ್ಕೆ 12 ಗಂಟೆ 20 ನಿಮಿಷ ಸಾಕಿತ್ತು. ಮೇಲಿನ ಲೆಕ್ಕದಲ್ಲಿ 9 ನಿಮಿಷ ಹೆಚ್ಚೇ ಆಗಿದೆ. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುವುದೇ ಇದಕ್ಕೆ ಕಾರಣ.

2020ರ ಫೆಬ್ರವರಿಯಲ್ಲಿ ಬಿರುಗಾಳಿಯ ಬೆನ್ನೇರಿದ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ನ್ಯೂಯಾರ್ಕ್‌ನಿಂದ ಲಂಡನ್‌ಗೆ 5 ಗಂಟೆಯೊಳಗೆ ಬಂದಿಳಿಯಿತು. ಇನ್ನೂ ಸೊಗಸಾದ ಉದಾಹರಣೆ 2016ರ ಅಕ್ಟೋಬರ್‌ನದು. ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ ಕಳಿಸಿತು. ದಾರಿ ಸಾವಿರಕ್ಕೂ ಹೆಚ್ಚು ಕಿ.ಮೀ. ಉದ್ದವಾದರೂ ಗಾಳಿ ಜೊತೆಗಿದ್ದುದರಿಂದ ವಿಮಾನ ಬೇಗನೆ ತಲುಪಿತು.

ಟಿಕೆಟ್ ನೋಡಿ ಲೆಕ್ಕ ಹಾಕುವವರು ಎಡವುವ ಜಾಗ ಬೇರೆ. ಅದರಲ್ಲಿರುವುದು ಆಯಾ ಊರಿನ ಸ್ಥಳೀಯ ಸಮಯ. ಲಂಡನ್‌ನಲ್ಲಿ 11:00ಕ್ಕೆ ಹೊರಟು ನ್ಯೂಯಾರ್ಕ್‌ನಲ್ಲಿ 14:00ಕ್ಕೆ ಇಳಿದರೆ ಪ್ರಯಾಣ 3 ಗಂಟೆಯದಲ್ಲ. 5 ಗಂಟೆಯ ವ್ಯತ್ಯಾಸ ಸೇರಿ 8 ಗಂಟೆಯದು. ಈ 5 ಕೂಡ ವರ್ಷವಿಡೀ ಒಂದೇ ಇರುವುದಿಲ್ಲ. ಬೇಸಿಗೆಗೆಂದು ಅಮೆರಿಕ ಗಡಿಯಾರವನ್ನು ಒಂದು ಗಂಟೆ ಮುಂದಕ್ಕಿಡುವುದು ಮಾರ್ಚ್‌ನ ಎರಡನೇ ಭಾನುವಾರ, ಬ್ರಿಟನ್ ಕೊನೆಯ ಭಾನುವಾರ. ನಡುವಿನ ಆ ದಿನಗಳಲ್ಲಿ ವ್ಯತ್ಯಾಸ 4 ಗಂಟೆ ಮಾತ್ರ.