ಹೆದರಬೇಡ ಮಹಾನಾಮ: ಗೃಹಸ್ಥರಿಗೆ ಬುದ್ಧರು ಹೇಳಿದ ಧೈರ್ಯದ ಮಾತುಗಳು

ಪಾಲಿ ಸುತ್ತಗಳನ್ನು, ಅಂದರೆ ಪಾಲಿ ಭಾಷೆಯಲ್ಲಿರುವ ಬುದ್ಧರ ಉಪದೇಶಗಳನ್ನು ಓದುವಾಗ ಒಂದು ಸಾಲು ಮತ್ತೆ ಮತ್ತೆ ಸಿಗುತ್ತದೆ. ಬುದ್ಧರು ಯಾರಿಗಾದರೂ ಧಮ್ಮ ಹೇಳಿದ್ದನ್ನು ವಿವರಿಸುವಾಗ 'ಸಂದಸ್ಸೇತ್ವಾ ಸಮಾದಪೇತ್ವಾ ಸಮುತ್ತೇಜೇತ್ವಾ ಸಂಪಹಂಸೇತ್ವಾ' ಎಂದು ಬರುತ್ತದೆ. ತೋರಿಸಿಕೊಟ್ಟು, ಕೈಗೆತ್ತಿಕೊಳ್ಳುವಂತೆ ಮಾಡಿ, ಹುರುಪು ತುಂಬಿ, ಮನಸ್ಸು ಅರಳಿಸಿ ಎಂದು ಅರ್ಥ. ಮೊದಮೊದಲು ನಾನು ಇದನ್ನು ಸುಮ್ನೆ ರೂಢಿಯ ಸಾಲು ಅಂತ ದಾಟಿಕೊಂಡು ಹೋಗುತ್ತಿದ್ದೆ. ಈಗ ಇಲ್ಲೇ ನಿಲ್ಲುತ್ತೇನೆ.

ಮೂರನೆಯ ಪದ ನೋಡಿ. ನಾವು ದಿನಾ ಬಳಸುವ 'ಉತ್ತೇಜನ' ಅದರೊಳಗೇ ಇದೆ. ಎರಡಕ್ಕೂ ಮೂಲ 'ತಿಜ್' ಎಂಬ ಧಾತು. ಹರಿತ ಮಾಡು ಎಂದು ಅದರ ಅರ್ಥ. ಅಂದರೆ ಉತ್ತೇಜನ ಎಂದರೆ ಸಾಣೆ ಹಿಡಿಯುವುದು. ಸಾಣೆ ಹಿಡಿಯುವವನು ನಮಗೆ ಹೊಸ ಕುಡುಗೋಲು ಕೊಡುವುದಿಲ್ಲ. ನಮ್ಮ ಹತ್ತಿರ ಇರುವುದೇ ಮೊಂಡಾಗಿದೆ ಎಂದು ತೋರಿಸಿ, ಅದಕ್ಕೇ ಅಂಚು ತರುತ್ತಾನೆ. ಮನೆಮಠ ಇರುವವರಿಗೆ ಬುದ್ಧರು ಹೇಳಿದ ಸುತ್ತಗಳನ್ನು ಈ ಅರ್ಥ ಇಟ್ಟುಕೊಂಡು ಓದಿದಾಗ ನನಗೆ ಅವು ಬೇರೆಯಾಗಿಯೇ ಕಂಡವು. ಅವರು ಎಲ್ಲಿಯೂ 'ಎಲ್ಲ ಸರಿಹೋಗುತ್ತದೆ ಬಿಡು' ಎನ್ನುವುದಿಲ್ಲ. ಎದುರಿಗೆ ಕೂತವನ ಭಯ ಏನು, ಅವನ ಕೈಯಲ್ಲಿ ಆಗಲೇ ಏನಿದೆ ಎಂದು ನೋಡುತ್ತಾರೆ. ಮಾತು ಅಲ್ಲಿಂದ ಶುರುವಾಗುತ್ತದೆ.

ಮೊದಲು ದೀಘಜಾಣುವಿನ ಸುತ್ತ. ಅಂಗುತ್ತರ ನಿಕಾಯ ಎಂಬ ಸುತ್ತಸಂಗ್ರಹದ ಎಂಟನೆಯ ನಿಪಾತದಲ್ಲಿ, ಅಂದರೆ ಎಂಟನೆಯ ಭಾಗದಲ್ಲಿದೆ. ಕೋಲಿಯರ ಕಕ್ಕರಪತ್ತ ಎಂಬ ಊರಿನಲ್ಲಿ ಇವನು ಬುದ್ಧರ ಬಳಿ ಬಂದು ತನ್ನ ಬದುಕನ್ನು ಮುಚ್ಚುಮರೆ ಇಲ್ಲದೆ ಹೇಳಿಕೊಳ್ಳುತ್ತಾನೆ. ನಾವು ಸುಖ ಬಯಸುವ ಗೃಹಸ್ಥರು. ಮಕ್ಕಳು ತುಂಬಿದ ಹಾಸಿಗೆಯಲ್ಲಿ ಮಲಗುವವರು. ಕಾಶಿಯ ಚಂದನ ಹಚ್ಚಿಕೊಳ್ಳುತ್ತೇವೆ, ಹೂ ಮುಡಿಯುತ್ತೇವೆ, ಚಿನ್ನ ಬೆಳ್ಳಿ ಮುಟ್ಟುತ್ತೇವೆ. ನಮ್ಮಂಥವರಿಗೆ ಇಹಕ್ಕೂ ಪರಕ್ಕೂ ಆಗುವಂಥದ್ದು ಏನಾದರೂ ಹೇಳಿ ಎನ್ನುತ್ತಾನೆ. ಮಕ್ಕಳು ತುಂಬಿದ ಹಾಸಿಗೆ! ಎರಡೂವರೆ ಸಾವಿರ ವರ್ಷದ ಹಿಂದಿನ ಮಾತು ಅನ್ನಿಸುತ್ತದಾ?

ಬುದ್ಧರು ಅದೆಲ್ಲ ಬಿಟ್ಟು ಬಾ ಎನ್ನಲಿಲ್ಲ. ನಿನ್ನ ಕಸುಬಿನಲ್ಲಿ ಚುರುಕಾಗಿರು, ಬೆವರು ಸುರಿಸಿ ನ್ಯಾಯವಾಗಿ ಗಳಿಸಿದ್ದನ್ನು ಕಾಪಾಡಿಕೋ, ಒಳ್ಳೆಯವರ ಸ್ನೇಹ ಮಾಡು, ಆದಾಯಕ್ಕೆ ತಕ್ಕಂತೆ ಬಾಳು ಎಂದರು. ಈ ನಾಲ್ಕಕ್ಕೆ ಪಾಲಿ ಪದಗಳು ಇವು: ಉಟ್ಠಾನಸಂಪದಾ, ಆರಕ್ಖಸಂಪದಾ, ಕಲ್ಯಾಣಮಿತ್ತತಾ, ಸಮಜೀವಿತಾ. ಕೊನೆಯದಕ್ಕೆ ಕೊಡುವ ಹೋಲಿಕೆ ಚೆನ್ನಾಗಿದೆ. ತಕ್ಕಡಿ ಹಿಡಿದವನಿಗೆ ಇಷ್ಟು ಹಾಕಿದರೆ ತಟ್ಟೆ ಇಳಿಯುತ್ತದೆ, ಇಷ್ಟು ತೆಗೆದರೆ ಏಳುತ್ತದೆ ಎಂದು ಗೊತ್ತಿರುತ್ತದೆ. ಸಂಪಾದನೆ ಕಡಿಮೆ ಇದ್ದು ದರ್ಬಾರು ಜಾಸ್ತಿ ಮಾಡುವವನು ಅತ್ತಿಹಣ್ಣು ತಿನ್ನುವವನ ಹಾಗಂತೆ. ತಿನ್ನಲು ಬೇಕಾದ್ದು ನಾಲ್ಕು ಹಣ್ಣು, ಮರ ಅಲ್ಲಾಡಿಸಿ ಉದುರಿಸಿದ್ದು ರಾಶಿ ಎಂದು ವ್ಯಾಖ್ಯಾನ ಹೇಳುತ್ತದೆ. ಸಂಪಾದನೆ ಜಾಸ್ತಿ ಇದ್ದೂ ಕೈ ಬಿಗಿಹಿಡಿದವನಿಗೂ ಅಲ್ಲಿ ಹೊಗಳಿಕೆ ಇಲ್ಲ. ಆಮೇಲೆ ಪರಲೋಕದ ಹಿತಕ್ಕೆ ಶ್ರದ್ಧೆ, ಶೀಲ, ತ್ಯಾಗ, ಪ್ರಜ್ಞೆ ಎಂದು ಇನ್ನೂ ನಾಲ್ಕು ಬರುತ್ತವೆ. ಈ ಎರಡನೆಯ ನಾಲ್ಕು ಮಹಾನಾಮನ ವಿಷಯಕ್ಕೆ ಬೇಕಾಗುತ್ತವೆ, ನೆನಪಿಟ್ಟುಕೊಳ್ಳಿ.

ಮಹಾನಾಮ ಯಾರು ಎಂದು ತಿಳಿಯಲು ಭಿಕ್ಖುಗಳ ನಿಯಮಗಳ ಗ್ರಂಥವಾದ ವಿನಯಪಿಟಕದ ಚುಲ್ಲವಗ್ಗ ಎಂಬ ಭಾಗಕ್ಕೆ ಹೋಗಬೇಕು. ಶಾಕ್ಯರಲ್ಲಿ ಅಣ್ಣ ಮಹಾನಾಮ, ತಮ್ಮ ಅನುರುದ್ಧ. ಮನೆಗೊಬ್ಬರು ಭಿಕ್ಖುಗಳಾಗುತ್ತಿದ್ದ ಕಾಲ. ಇಬ್ಬರಲ್ಲಿ ಒಬ್ಬ ಹೊರಡಬೇಕು, ಒಬ್ಬ ಮನೆ ನೋಡಿಕೊಳ್ಳಬೇಕು. ಸುಖದಲ್ಲಿ ಬೆಳೆದ ಅನುರುದ್ಧನಿಗೆ ಅಣ್ಣ ಮನೆವಾರ್ತೆ ಅಂದರೇನು ಎಂದು ವಿವರಿಸುತ್ತಾನೆ. ಮೊದಲು ಉಳಬೇಕು. ಉತ್ತ ಮೇಲೆ ಬಿತ್ತಬೇಕು, ನೀರು ಹಾಯಿಸಬೇಕು, ಹೆಚ್ಚಾದ ನೀರು ಬಿಡಬೇಕು, ಕಳೆ ಕೀಳಬೇಕು, ಕೊಯ್ಯಬೇಕು, ರಾಶಿ ಹಾಕಬೇಕು, ತುಳಿಸಬೇಕು, ಹೊಟ್ಟು ತೂರಬೇಕು, ಕಣಜಕ್ಕೆ ತುಂಬಬೇಕು. ಮುಂದಿನ ವರ್ಷ ಮತ್ತೆ ಇದೇ. ಇದಕ್ಕೆ ಕೊನೆ ಯಾವಾಗ ಎಂದು ತಮ್ಮ ಕೇಳುತ್ತಾನೆ. ಕೊನೆ ಇಲ್ಲಪ್ಪ, ನಮ್ಮ ಅಪ್ಪ, ಅಜ್ಜ ಎಲ್ಲರೂ ಕೆಲಸ ಮುಗಿಯದೆಯೇ ಹೋದರು ಎಂದು ಅಣ್ಣ ಹೇಳುತ್ತಾನೆ. ಹಾಗಾದರೆ ಮನೆ ನೀನೇ ನೋಡಿಕೋ, ನಾನು ಹೊರಟೆ ಎಂದ ಅನುರುದ್ಧ.

ಹೀಗೆ ಹಿಂದೆ ಉಳಿದವನು ಮಹಾನಾಮ. ಈ ಹಿನ್ನೆಲೆ ಇಲ್ಲದೆ ಸಂಯುತ್ತ ನಿಕಾಯ ಎಂಬ ಇನ್ನೊಂದು ಸಂಗ್ರಹದ 55ನೆಯ ಸಂಯುತ್ತದಲ್ಲಿ (ಸುತ್ತಗಳ ಗುಚ್ಛದಲ್ಲಿ) ಅವನಾಡುವ ಮಾತಿನ ಭಾರ ಗೊತ್ತಾಗುವುದಿಲ್ಲ ಅಂತ ನನಗನ್ನಿಸುತ್ತದೆ. ಬುದ್ಧರು ಆಗ ಕಪಿಲವತ್ಥುವಿನ ನಿಗ್ರೋಧಾರಾಮ ಎಂಬ ವಿಹಾರದಲ್ಲಿದ್ದರು. ಮಹಾನಾಮ ಹೇಳುತ್ತಾನೆ: ಈ ಊರು ಸಮೃದ್ಧವಾಗಿದೆ, ಜನ ತುಂಬಿದ್ದಾರೆ, ಬೀದಿಗಳು ಕಿಕ್ಕಿರಿದಿವೆ. ಸಂಜೆ ನಿಮ್ಮ ಬಳಿ ಇದ್ದು ವಾಪಸ್ ಊರೊಳಗೆ ಹೋಗುವಾಗ ಎದುರಿಗೆ ಆನೆ ನುಗ್ಗುತ್ತದೆ, ಕುದುರೆ, ರಥ, ಗಾಡಿ, ಜನ ನುಗ್ಗುತ್ತಾರೆ. ಆ ಹೊತ್ತಿನಲ್ಲಿ ಬುದ್ಧ, ಧಮ್ಮ, ಸಂಘದ ನೆನಪೇ ತಪ್ಪಿಹೋಗುತ್ತದೆ. ಆಗಲೇ ನಾನು ಸತ್ತರೆ ನನ್ನ ಗತಿ ಏನು?

ಇದು ಸಾವಿನ ಭಯ ಮಾತ್ರ ಅಲ್ಲ. ವಿಹಾರದಲ್ಲಿ ಕೂತಾಗ ಇದ್ದ ಮನಸ್ಸು ಬೀದಿಗೆ ಬಂದ ಕೂಡಲೇ ಚದುರಿಹೋಗುತ್ತದಲ್ಲ, ಹಾಗಾದರೆ ಇಷ್ಟು ದಿನ ಮಾಡಿದ್ದೆಲ್ಲ ನೀರಿನಲ್ಲಿ ಹೋಮವೇ ಎಂಬ ದಿಗಿಲು. ಬೆಳಿಗ್ಗೆ ಅರ್ಧ ಗಂಟೆ ಧ್ಯಾನ ಮಾಡಿ, ಹತ್ತು ನಿಮಿಷದಲ್ಲೇ ಯಾರ ಮೇಲೋ ರೇಗಿದವರಿಗೆ ಇದು ಗೊತ್ತು. ನನಗಂತೂ ಚೆನ್ನಾಗಿ ಗೊತ್ತು.

ಬುದ್ಧರ ಉತ್ತರ 'ಮಾ ಭಾಯಿ ಮಹಾನಾಮ, ಮಾ ಭಾಯಿ ಮಹಾನಾಮ' ಎಂದು ಶುರುವಾಗುತ್ತದೆ. ಹೆದರಬೇಡ ಮಹಾನಾಮ, ಹೆದರಬೇಡ. ಎರಡು ಸಲ ಹೇಳುತ್ತಾರೆ. ನಿನ್ನ ಸಾವು ಕೆಟ್ಟದ್ದಾಗುವುದಿಲ್ಲ. ಬಹುಕಾಲ ಶ್ರದ್ಧೆ, ಶೀಲ, ಕಲಿಕೆ, ತ್ಯಾಗ, ಪ್ರಜ್ಞೆಯಲ್ಲಿ 'ಪರಿಭಾವಿತ'ವಾದ ಮನಸ್ಸು ಮೇಲಕ್ಕೇ ಹೋಗುತ್ತದೆ. ಒಬ್ಬ ತುಪ್ಪದ ಗಡಿಗೆಯನ್ನು ಆಳವಾದ ನೀರಿನಲ್ಲಿ ಮುಳುಗಿಸಿ ಒಡೆದ ಅನ್ನು. ಗಡಿಗೆಯ ಚೂರುಗಳು ತಳಕ್ಕೆ ಹೋಗುತ್ತವೆ. ತುಪ್ಪ ಮೇಲೆ ಬರುತ್ತದೆ. ದೇಹವನ್ನು ಕಾಗೆ, ಹದ್ದು, ನಾಯಿ, ನರಿ ತಿನ್ನಬಹುದು ಎಂದು ಅವರು ಮರೆಮಾಚದೆ ಹೇಳುತ್ತಾರೆ. ಒಡೆಯುವುದು ಒಡೆದೇ ಒಡೆಯುತ್ತದೆ. ಆದರೆ ಒಳಗೆ ಏನು ತುಂಬಿತ್ತು?

'ಪರಿಭಾವಿತ' ಎಂಬ ಪದದ ಮೇಲೆ ಒಂದು ಮಾತು. ಆಯುರ್ವೇದದಲ್ಲಿ ಔಷಧದ ಪುಡಿಯನ್ನು ಸೊಪ್ಪಿನ ರಸದಲ್ಲಿ ನೆನೆಸಿ, ಅರೆದು, ಒಣಗಿಸಿ, ಮತ್ತೆ ನೆನೆಸುತ್ತಾರೆ. ಅದಕ್ಕೆ ಭಾವನೆ ಕೊಡುವುದು ಎನ್ನುತ್ತಾರೆ. ಧ್ಯಾನಕ್ಕೆ ಪಾಲಿಯಲ್ಲಿರುವ ಪದವೂ ಭಾವನಾ. ಹತ್ತಾರು ಸಲ ರಸ ಕುಡಿದ ಪುಡಿ ಒಂದು ಸಲ ಗಾಳಿಗೆ ಬಿದ್ದರೆ ಗುಣ ಕಳೆದುಕೊಳ್ಳುತ್ತದಾ? ಇಲ್ಲ ಅಲ್ವಾ. ಬೀದಿಯ ಗದ್ದಲದಲ್ಲಿ ಚದುರುವುದು ಆ ಹೊತ್ತಿನ ನೆನಪು. ವರ್ಷಗಟ್ಟಲೆ ಮನಸ್ಸಿಗೆ ಇಳಿದದ್ದು ಅಷ್ಟು ಬೇಗ ಹೋಗುವುದಿಲ್ಲ.

ಮುಂದಿನ ಸುತ್ತದಲ್ಲಿ ಮಹಾನಾಮ ಅದೇ ಪ್ರಶ್ನೆ ಕೇಳುತ್ತಾನೆ. ಬುದ್ಧರು ಈ ಸಲ ಮರವೊಂದನ್ನು ತೋರಿಸುತ್ತಾರೆ. ಪೂರ್ವಕ್ಕೆ ವಾಲಿದ ಮರವನ್ನು ಬುಡದಲ್ಲಿ ಕಡಿದರೆ ಯಾವ ಕಡೆ ಬೀಳುತ್ತದೆ? ವಾಲಿದ ಕಡೆಗೇ ಭಂತೆ, ಎನ್ನುತ್ತಾನೆ ಮಹಾನಾಮ. ಉತ್ತರ ಅವನ ಬಾಯಿಂದಲೇ ಬಂತು. ಕೇಳಿದ್ದನ್ನೇ ಮತ್ತೆ ಕೇಳಿದ್ದಕ್ಕೆ ಬೇಸರವೂ ಇಲ್ಲ, ಗದರಿಕೆಯೂ ಇಲ್ಲ. ಈ ಎರಡು ಸುತ್ತ ಒಟ್ಟಿಗೇ ಓದಿ, ಬಿಡಿಯಾಗಿ ಬೇಡ.

ಆದರೆ ಧೈರ್ಯದ ಮಾತು ಯಾವಾಗಲೂ ಸಮಾಧಾನವೇ ಆಗಿರುವುದಿಲ್ಲ. ದಾನಿ ಎಂದು ಹೆಸರಾದ ವ್ಯಾಪಾರಿ ಅನಾಥಪಿಂಡಿಕ ಐನೂರು ಉಪಾಸಕರ, ಅಂದರೆ ಗೃಹಸ್ಥ ಅನುಯಾಯಿಗಳ ಜೊತೆ ಬಂದಾಗ ಬುದ್ಧರು ಅವನನ್ನು ಮುಂದಕ್ಕೆ ತಳ್ಳುತ್ತಾರೆ. ನೀವು ಸಂಘಕ್ಕೆ ಚೀವರ, ಊಟ, ವಸತಿ, ಔಷಧ ಎಲ್ಲ ಕೊಟ್ಟಿದ್ದೀರಿ. ಅಷ್ಟಕ್ಕೇ ತೃಪ್ತಿಪಡಬೇಡಿ. ಆಗಾಗ ಏಕಾಂತದ ಪೀತಿಯಲ್ಲಿ, ಅಂದರೆ ಒಳಗಿನಿಂದ ಉಕ್ಕುವ ಆನಂದದಲ್ಲಿ ನೆಲೆಸುವುದನ್ನೂ ಕಲಿಯಿರಿ ಎನ್ನುತ್ತಾರೆ. ಗೃಹಸ್ಥರ ಕೆಲಸ ದಾನ, ಧ್ಯಾನ ಭಿಕ್ಖುಗಳ ಕೆಲಸ ಎಂದು ಭಾವಿಸಿದವರು ಅಂಗುತ್ತರದ ಐದನೆಯ ನಿಪಾತದ ಈ ಸುತ್ತವನ್ನು ಬಿಡಬಾರದು.

ಕೊನೆಯದಾಗಿ ನನಗೆ ತುಂಬ ಇಷ್ಟವಾದ ದಂಪತಿ. ಭಗ್ಗರ ನಾಡಿನ ಸುಂಸುಮಾರಗಿರಿಯ ನಕುಲಪಿತ ಮತ್ತು ನಕುಲಮಾತೆ. ನಕುಲಪಿತ ಮುದುಕನಾಗಿದ್ದಾನೆ, ಕಾಯಿಲೆ ಬಿಡುವುದಿಲ್ಲ, ಮೊದಲಿನಂತೆ ದರ್ಶನಕ್ಕೆ ಬರಲೂ ಆಗುತ್ತಿಲ್ಲ. ಬುದ್ಧರು ಮೊದಲು ಹೌದು ಎನ್ನುತ್ತಾರೆ. ಹೌದು, ನಿನ್ನ ದೇಹಕ್ಕೆ ರೋಗವಿದೆ. ಈ ದೇಹ ಹೊತ್ತುಕೊಂಡು ಕ್ಷಣವಾದರೂ ತಾನು ನಿರೋಗಿ ಎನ್ನುವುದು ದಡ್ಡತನ. ಅದಕ್ಕೇ ಹೀಗೆ ಅಭ್ಯಾಸ ಮಾಡು: ದೇಹಕ್ಕೆ ರೋಗವಿದ್ದರೂ ನನ್ನ ಮನಸ್ಸಿಗೆ ರೋಗ ಬರದಿರಲಿ. ಇಷ್ಟೇ ಮಾತು. ಅಲ್ಲಿಂದ ಎದ್ದು ಬಂದವನ ಮುಖ ಕಂಡು ಬುದ್ಧರ ಹಿರಿಯ ಶಿಷ್ಯ ಸಾರಿಪುತ್ತರು, ಇವತ್ತು ಮುಖದಲ್ಲಿ ಇಷ್ಟು ಕಳೆ ಇದೆಯಲ್ಲ ಎಂದು ವಿಚಾರಿಸುತ್ತಾರೆ. ಆದರೆ ಮನಸ್ಸಿನ ರೋಗ ಎಂದರೇನು ಎಂದು ನೀನು ಕೇಳಲಿಲ್ಲವೇ ಎಂದು ತಾವೇ ಕೂತು ವಿವರಿಸುತ್ತಾರೆ. ದೇಹವನ್ನು, ವೇದನೆಯನ್ನು (ಸುಖದುಃಖಗಳ ಅನುಭವವನ್ನು) 'ಇದು ನಾನು, ಇದು ನನ್ನದು' ಎಂದು ಹಿಡಿದಾಗ ಅದು ಬದಲಾದೊಡನೆ ದುಃಖ ಬರುತ್ತದೆ, ರೋಗ ಅದೇ. ಐದು ಖಂಧಗಳ, ಅಂದರೆ ದೇಹ, ವೇದನೆ ಮೊದಲಾದ ಐದು ರಾಶಿಗಳ ವಿವರಕ್ಕೆ ಸಂಯುತ್ತ ನಿಕಾಯದ 22ನೆಯ ಸಂಯುತ್ತದ ಮೊದಲ ಸುತ್ತ ನೋಡಿ.

ಇದೇ ನಕುಲಪಿತ ಇನ್ನೊಂದು ಸಲ ಹಾಸಿಗೆ ಹಿಡಿದು ಸಾಯುವ ಸ್ಥಿತಿಗೆ ಬಂದಾಗ ಪಕ್ಕದಲ್ಲಿ ಭಿಕ್ಖುಗಳು ಯಾರೂ ಇರಲಿಲ್ಲ. ಹೆಂಡತಿ ಇದ್ದಳು. ಅವಳು ಹೇಳಿದಳು: ಚಿಂತೆ ಇಟ್ಟುಕೊಂಡು ಪ್ರಾಣ ಬಿಡಬೇಡಿ. ನೀವಿಲ್ಲದೆ ಮಕ್ಕಳನ್ನು ಹೇಗೆ ಸಾಕುತ್ತಾಳೋ ಎಂಬ ಯೋಚನೆಯೇ? ನನಗೆ ಹತ್ತಿ ನೂಲುವುದು ಬರುತ್ತದೆ, ಉಣ್ಣೆ ಹಿಂಜುವುದು ಬರುತ್ತದೆ. ಮಕ್ಕಳನ್ನು ಸಾಕುತ್ತೇನೆ, ಮನೆ ನಡೆಸುತ್ತೇನೆ. ಇನ್ನೊಬ್ಬನ ಮನೆ ಸೇರುತ್ತಾಳೋ ಎಂದೇ? ಹದಿನಾರು ವರ್ಷ ನಾವು ಮನೆಯಲ್ಲೇ ಬ್ರಹ್ಮಚರ್ಯ ನಡೆಸಿದ್ದು ನಿಮಗೂ ಗೊತ್ತು, ನನಗೂ ಗೊತ್ತು. ಬುದ್ಧರನ್ನು ಕಾಣುವ ಆಸೆ ನನಗೆ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ನನ್ನ ಶೀಲದ ಬಗ್ಗೆ ಯಾರಿಗಾದರೂ ಅನುಮಾನ ಇದ್ದರೆ ಬುದ್ಧರು ಇಲ್ಲೇ ಭೇಸಕಳಾವನದಲ್ಲಿದ್ದಾರೆ, ಹೋಗಿ ಕೇಳಲಿ.

ಒಂದೊಂದೇ ಚಿಂತೆಯನ್ನು ಹೆಸರಿಟ್ಟು ಕರೆದು, ಒಂದೊಂದಕ್ಕೂ ಉತ್ತರ ಕೊಡುತ್ತಾಳೆ. ನೂಲು, ಉಣ್ಣೆಯಿಂದ ಶುರು ಮಾಡಿ ಧಮ್ಮದಲ್ಲಿ ತನಗೆ ಸಿಕ್ಕಿದ ನೆಲೆಯವರೆಗೆ ಆರು ಮಾತು. ಅವಳು ಹೇಳುತ್ತಿರುವಾಗಲೇ ಕಾಯಿಲೆ ಇಳಿಯಿತು ಎನ್ನುತ್ತದೆ ಅಂಗುತ್ತರದ ಆರನೆಯ ನಿಪಾತ.

ಚೇತರಿಸಿಕೊಂಡ ನಕುಲಪಿತ ಕೋಲೂರಿಕೊಂಡು ಬುದ್ಧರ ಬಳಿ ಬಂದ. ಬುದ್ಧರು ಆ ಆರರಲ್ಲಿ ಶೀಲ, ಮನಸ್ಸಿನ ಶಾಂತಿ, ಧಮ್ಮದ ನೆಲೆಯ ಬಗ್ಗೆ ಅವಳಾಡಿದ ಕೊನೆಯ ಮೂರು ಮಾತನ್ನು ಒಪ್ಪಿ, ನಕುಲಮಾತೆಯಂಥವಳು 'ಓವಾದಿಕಾ, ಅನುಸಾಸಿಕಾ' ಆಗಿ ಸಿಕ್ಕಿದ್ದು ನಿನ್ನ ಪುಣ್ಯ ಎಂದರು. ಓವಾದ ಎಂದರೆ ಉಪದೇಶ, ಅನುಸಾಸನ ಎಂದರೆ ತಿಳಿಹೇಳುವುದು. ಭಿಕ್ಖುಣಿಯರಿಗೆ ಉಪದೇಶ ಮಾಡುವುದರಲ್ಲಿ ಮೊದಲಿಗ ಎಂದು ನಂದಕ ಥೇರರನ್ನು ಹೊಗಳುವಾಗಲೂ ಬುದ್ಧರು ಬಳಸಿದ್ದು 'ಓವಾದಕ' ಎಂಬ ಪದವನ್ನೇ. ಇಲ್ಲಿ ಅದು ನೂಲು ತೆಗೆಯುವ ಒಬ್ಬ ಗೃಹಿಣಿಗೆ ಸಂದಿದೆ.