ಮೂರು ವೋಲ್ಟಿನ ಸೆಲ್ ಮತ್ತು ಮೂರು ಬಗೆಯ ದೋಷ ಸಂದೇಶ

ಬಳ್ಳಾರಿಯ ಕೌಲ್‌ಬಜಾರಿನ ನಿವೃತ್ತ ಶಿಕ್ಷಕರೊಬ್ಬರು ಕಳೆದ ಬೇಸಿಗೆಯಲ್ಲಿ ಮನೆಯ ಕಂಪ್ಯೂಟರನ್ನು ಆಟೋದಲ್ಲಿಟ್ಟುಕೊಂಡು ನನ್ನ ಅಂಗಡಿಗೆ ಬಂದರು. “ವೈರಸ್ ಬಂದೈತೆ ನೋಡ್ರಿ, ಬ್ಯಾಂಕಿನ ಪೇಜ್ ಓಪನ್ ಆಗ್ತಿಲ್ಲ, ಫಾರ್ಮ್ಯಾಟ್ ಹೊಡೆದುಬಿಡ್ರಿ” ಎಂದರು. ಸಂಪರ್ಕ ಖಾಸಗಿಯಾಗಿಲ್ಲ ಎಂಬ ಎಚ್ಚರಿಕೆಯ ಕೆಳಗೆ ಸಣ್ಣ ಅಕ್ಷರಗಳಲ್ಲಿ ‘ಸರ್ಟ್ ಡೇಟ್ ಇನ್‌ವ್ಯಾಲಿಡ್’ (ಪ್ರಮಾಣಪತ್ರದ ದಿನಾಂಕ ಸರಿಯಿಲ್ಲ) ಎಂದಿತ್ತು. ‘ಡೇಟ್’ ಎಂಬ ಪದ ಕಂಡು ಪರದೆಯ ಬಲಮೂಲೆಯನ್ನು ನೋಡಿದರೆ, ಅಲ್ಲಿ 2015ರ ಜನವರಿ ನಡೆಯುತ್ತಿತ್ತು.

ಪ್ರತಿ ಸುರಕ್ಷಿತ ಜಾಲತಾಣದ ಗುರುತನ್ನು ಖಚಿತಪಡಿಸುವ ಡಿಜಿಟಲ್ ಪ್ರಮಾಣಪತ್ರಕ್ಕೂ ಆರಂಭದ ಮತ್ತು ಮುಕ್ತಾಯದ ದಿನಾಂಕಗಳಿರುತ್ತವೆ. ಕಂಪ್ಯೂಟರಿನ ದಿನಾಂಕ ಅವೆರಡರ ನಡುವೆ ಇಲ್ಲದಿದ್ದರೆ ಬ್ರೌಸರ್ ಆ ತಾಣವನ್ನು ನಂಬುವುದಿಲ್ಲ. ಫಾರ್ಮ್ಯಾಟ್ ಮಾಡಿದ್ದರೆ ಅವರ ಮೊಮ್ಮಕ್ಕಳ ಫೋಟೊಗಳು ಹೋಗುತ್ತಿದ್ದವು, ದಿನಾಂಕ ಮಾತ್ರ ಮತ್ತೆ 2015ಕ್ಕೇ ಮರಳುತ್ತಿತ್ತು.

ದೋಷವಿದ್ದದ್ದು ಮದರ್‌ಬೋರ್ಡಿನ (ಕಂಪ್ಯೂಟರಿನ ಮುಖ್ಯ ಸರ್ಕ್ಯೂಟ್ ಹಲಗೆಯ) ಮೇಲೆ ಕೂತು, ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವ ಸಿಮೋಸ್ ಸೆಲ್‌ನಲ್ಲಿ. ಸಾಮಾನ್ಯವಾಗಿ ಇದು 3 ವೋಲ್ಟಿನ ಸಿಆರ್ 2032 ಆಗಿರುತ್ತದೆ. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ ಎಂಬ ಅಳತೆ ಹೆಸರಿನಲ್ಲೇ ಇದೆ. ಗೋಡೆಯ ಸ್ವಿಚ್ ಆನ್ ಇರುವಷ್ಟು ಹೊತ್ತು, ಕಂಪ್ಯೂಟರ್ ಆಫ್ ಆಗಿದ್ದರೂ, ಗಡಿಯಾರಕ್ಕೆ ಪವರ್ ಸಪ್ಲೈ ಮೂಲಕವೇ ಕರೆಂಟ್ ಸಿಗುತ್ತದೆ. ಕರೆಂಟ್ ಹೋದಾಗ, ಅಥವಾ ನಮ್ಮಲ್ಲಿ ಹಲವರು ಮಾಡುವಂತೆ ದಿನವೂ ರಾತ್ರಿ ಸ್ವಿಚ್ ಆರಿಸಿದಾಗ, ಆ ಭಾರ ಸೆಲ್ ಮೇಲೆ ಬೀಳುತ್ತದೆ. ಸ್ವಿಚ್ ಆರಿಸುವುದು ತಪ್ಪಲ್ಲ, ಸೆಲ್ ಕೆಲವು ವರ್ಷಗಳಿಗೊಮ್ಮೆ ಬದಲಾಗಬೇಕು, ಅಷ್ಟೇ.

ಇದೇ ಸೆಲ್ ಸೋತಾಗ ಹಳೆಯ ಮದರ್‌ಬೋರ್ಡುಗಳಲ್ಲಿ ಬಯೋಸ್‌ನ (ವಿಂಡೋಸ್‌ಗೂ ಮೊದಲು ಕಂಪ್ಯೂಟರನ್ನು ಎಬ್ಬಿಸುವ ತಂತ್ರಾಂಶದ) ಸೆಟ್ಟಿಂಗುಗಳೂ ಅಳಿಸಿಹೋಗಬಹುದು. ಆಗ ಸೆಲ್ಲಿನತ್ತಲೇ ಬೆರಳು ತೋರುವ ‘ಸಿಮೋಸ್ ಚೆಕ್‌ಸಮ್ ಎರರ್’ ಎಂಬ ಸಂದೇಶ ನೇರವಾಗಿ ಬಂದರೆ ನಮ್ಮ ಅದೃಷ್ಟ. ಬೂಟ್ ಕ್ರಮ (ಯಾವ ಡಿಸ್ಕಿನಿಂದ ಮೊದಲು ಆರಂಭವಾಗಬೇಕೆಂಬುದು) ಬದಲಾಗಿದ್ದರೆ ‘ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್’ ಎಂದೂ, ಡಿಸ್ಕಿನ ಸಾಟಾ ಮೋಡ್ (ಮದರ್‌ಬೋರ್ಡ್ ಡಿಸ್ಕಿನೊಂದಿಗೆ ವ್ಯವಹರಿಸುವ ವಿಧಾನ) ಬದಲಾಗಿದ್ದರೆ ನೀಲಿ ಪರದೆಯಲ್ಲಿ ‘ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್’ ಎಂದೂ ಬರಬಹುದು. ಇವನ್ನು ಓದಿದವರು ಹಾರ್ಡ್ ಡಿಸ್ಕ್ ಹೋಯಿತೆಂದೇ ತಿಳಿಯುತ್ತಾರೆ. ಡಿಸ್ಕ್ ನಿಜವಾಗಿ ಕೆಟ್ಟಿರಲೂಬಹುದು, ಕೇಬಲ್ ಸಡಿಲವಾಗಿರಲೂಬಹುದು. ಆದರೆ ದಿನಾಂಕವೂ ಹಿಂದಕ್ಕೆ ಹೋಗಿದ್ದರೆ ಮೊದಲು ಸೆಲ್ ನೋಡಬೇಕೆಂಬುದು ನನ್ನ ಖಚಿತ ಸಲಹೆ. ನೂರು ರೂಪಾಯಿಯೊಳಗೆ ಮುಗಿಯಬಹುದಾದ ಕೆಲಸಕ್ಕೆ ಮನೆಯವರ ವರ್ಷಗಳ ಕಡತಗಳನ್ನು ಅಳಿಸಿದ್ದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಸೆಲ್ ಬದಲಿಸುವ ಮುನ್ನ, ಬಯೋಸ್ ತೆರೆಯುವಂತಿದ್ದರೆ ಅದರ ಪುಟಗಳ ಫೋಟೊ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಡಿಸ್ಕಿಗೆ ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಹಾಕಿದ್ದರೆ ಅದನ್ನು ತೆರೆಯುವ ರಿಕವರಿ ಕೀ ಕೈಯಲ್ಲಿರಬೇಕು. ನಂತರ ಪ್ಲಗ್ ಕಿತ್ತಿಡಿ. ಪ್ಲಸ್ ಗುರುತು ಮೇಲಿರುವಂತೆ ಹೊಸ ಸೆಲ್ ಕೂರಿಸಿ, ದಿನಾಂಕ, ಬೂಟ್ ಕ್ರಮ ಮತ್ತು ಸಾಟಾ ಮೋಡ್‌ಗಳನ್ನು ಮೊದಲಿನಂತೆಯೇ ಹೊಂದಿಸಿ. ಆಮೇಲೆ ಒಂದು ರಾತ್ರಿ ಪ್ಲಗ್ ತೆಗೆದಿಟ್ಟು ಬೆಳಿಗ್ಗೆ ಗಡಿಯಾರ ನೋಡಿ. ಆಗಲೂ ಸಮಯ ತಪ್ಪಿದ್ದರೆ ಸೆಲ್ ಕೂರುವ ಹೋಲ್ಡರನ್ನೂ ಮದರ್‌ಬೋರ್ಡನ್ನೂ ಪರೀಕ್ಷಿಸಬೇಕಾಗುತ್ತದೆ.