ನಿರಾಶ್ರಿತ: ಒಂದೇ ಪದದ ಕೆಳಗೆ ನಿಂತ ಹಲವು ಜನ

ಕಲಬುರಗಿಯ ‘ನಿರಾಶ್ರಿತರ ಪರಿಹಾರ ಕೇಂದ್ರ’ದಲ್ಲಿ ಇರುವವರು ಯುದ್ಧದಿಂದ ಓಡಿ ಬಂದವರಲ್ಲ, 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಪ್ರಕಾರ ಬೀದಿಯಿಂದ ಕರೆತಂದವರು. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಊರುಗಳಿಗೆ ನೀರು ನುಗ್ಗಿದಾಗ ಮನೆ ಬಿಟ್ಟು ಬಂದವರನ್ನೂ ನಾವು ನಿರಾಶ್ರಿತರು ಎಂದೇ ಕರೆದೆವು. ಬೈಲಕುಪ್ಪೆಯ ಟಿಬೆಟಿಯನ್ನರಿಗೂ, ಮ್ಯಾನ್ಮಾರಿನಿಂದ ಬಂದ ರೋಹಿಂಗ್ಯಾಗಳಿಗೂ ಅದೇ ಪದ. ಭಿಕ್ಷುಕ, ನೆರೆ ಸಂತ್ರಸ್ತ, ದೇಶಭ್ರಷ್ಟ ಈ ಮೂವರನ್ನೂ ಒಂದೇ ಹೆಸರಿನಿಂದ ಕರೆಯುವ ಭಾಷೆಯಲ್ಲಿ ವಲಸೆ ನೀತಿಯ ಚರ್ಚೆ ಆರಂಭದಲ್ಲೇ ದಾರಿ ತಪ್ಪುವುದು ಸಹಜ.

‘ಆಶ್ರಿತ’ ಎಂದರೆ ಒಬ್ಬರ ಆಸರೆಯಲ್ಲಿ ಇರುವವನು. ಅದಕ್ಕೆ ‘ನಿರ್’ ಸೇರಿದರೆ ಆಸರೆಯಿಲ್ಲದವನು. ಪದವು ಆ ಮನುಷ್ಯನಿಗೆ ಏನಿಲ್ಲ ಎಂಬುದನ್ನು ಹೇಳುತ್ತದೆಯೇ ಹೊರತು, ಅವನು ಏನನ್ನು ಕೇಳಿಕೊಂಡು ಬಂದ, ಯಾಕೆ ಬಂದ ಎಂಬುದನ್ನು ಹೇಳುವುದಿಲ್ಲ. ಹಿಂದಿಯವರು ಬಳಸುವ ‘ಶರಣಾರ್ಥಿ’ಯಲ್ಲಿ ಆ ಕೇಳಿಕೆ ಇದೆ. ಆದರೆ ಕಲಬುರಗಿ, ಬೀದರ ಸೀಮೆಯಲ್ಲಿ ಹಿರಿಯರು ಎದುರಾದಾಗ ಕೈಮುಗಿದು ‘ಶರಣು ಶರಣಾರ್ಥಿ’ ಎನ್ನುವುದು ವಾಡಿಕೆ. ಬಸವಕಲ್ಯಾಣದ ನೆಲದಲ್ಲಿ ಅದು ನಮಸ್ಕಾರದ ಮಾತು. ಹಾಗಾಗಿ ಆ ಪದವನ್ನು ಇನ್ನೊಂದು ಅರ್ಥಕ್ಕೆ ಎಳೆದರೆ ನಮ್ಮ ಕಿವಿ ಒಪ್ಪುವುದಿಲ್ಲ. ನನಗೆ ‘ಆಶ್ರಯಾರ್ಥಿ’ ಎಂಬುದು ಹೆಚ್ಚು ಸರಿಯಾಗಿ ಕಾಣುತ್ತದೆ, ಆದರೆ ಅದಿನ್ನೂ ಬಳಕೆಯಲ್ಲಿ ನೆಲೆ ನಿಂತಿಲ್ಲ.

ಅಂತಾರಾಷ್ಟ್ರೀಯ ಕಾನೂನಿನಲ್ಲಿ ಈ ಪದಕ್ಕೆ ಇರುವ ಅರ್ಥ ಬಹಳ ಇಕ್ಕಟ್ಟಾದದ್ದು. ಜಿನೀವಾದಲ್ಲಿ 1951ರ ಜುಲೈಯಲ್ಲಿ ಅಂಗೀಕಾರವಾದ ಒಪ್ಪಂದದ ಪ್ರಕಾರ, ಜನಾಂಗ, ಧರ್ಮ, ರಾಷ್ಟ್ರೀಯತೆ, ಒಂದು ನಿರ್ದಿಷ್ಟ ಸಾಮಾಜಿಕ ಗುಂಪಿಗೆ ಸೇರಿರುವುದು ಅಥವಾ ರಾಜಕೀಯ ಅಭಿಪ್ರಾಯ, ಈ ಐದರಲ್ಲಿ ಒಂದರ ಕಾರಣಕ್ಕೆ ತನಗೆ ಹಿಂಸೆಯಾಗುತ್ತದೆ ಎಂಬ ಆಧಾರಸಹಿತ ಭಯದಿಂದ ಸ್ವದೇಶದ ಹೊರಗಿರುವ, ಅಲ್ಲಿಗೆ ಮರಳಲಾಗದ ವ್ಯಕ್ತಿ ಮಾತ್ರ ನಿರಾಶ್ರಿತ. ಮೊದಲು ಇದು 1951ರ ಜನವರಿ 1ಕ್ಕಿಂತ ಹಿಂದಿನ ಘಟನೆಗಳಿಂದ ನೆಲೆ ಕಳೆದುಕೊಂಡವರಿಗಷ್ಟೇ ಅನ್ವಯಿಸುತ್ತಿತ್ತು. ಆ ಕಾಲಮಿತಿಯನ್ನು ತೆಗೆದದ್ದು 1967ರ ಪ್ರೋಟೊಕಾಲ್, ಅಂದರೆ ಪೂರಕ ಒಪ್ಪಂದ. ಹಸಿವು, ಬರ, ಸಾಲ ಈ ಐದರಲ್ಲಿ ಯಾವುದೂ ಅಲ್ಲ.

ಹಸಿವು, ಬರ, ಸಾಲಗಳಿಗೆ ನಮ್ಮ ಭಾಗದಲ್ಲಿ ಬೇರೆಯೇ ಪದವಿದೆ: ಗುಳೆ. ಹಿಂಗಾರಿನ ಬಿತ್ತನೆ ಕೈಕೊಟ್ಟ ವರ್ಷ ಯಾದಗಿರಿ ನಿಲ್ದಾಣದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಕಾಯುವವರನ್ನು ನೋಡಿದರೆ ಅದರ ಅರ್ಥ ತಿಳಿಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಜೋಳದ ಹಿಟ್ಟು, ಬಟ್ಟೆಯಲ್ಲಿ ಕಟ್ಟಿದ ಕಟಿರೊಟ್ಟಿ, ಶೇಂಗಾ ಹಿಂಡಿ, ಹಗ್ಗದಿಂದ ಬಿಗಿದ ಸ್ಟೋವು, ಅದರ ಪಕ್ಕದಲ್ಲೇ ನಿದ್ದೆಹೋದ ಮಗು. ಅವರು ‘ವಲಸೆ ಹೋಗುತ್ತೇವೆ’ ಎನ್ನುವುದಿಲ್ಲ. ‘ದುಡಿಲಾಕ ಹೊಂಟೀವ್ರಿ’ ಎನ್ನುತ್ತಾರೆ. ಒಮ್ಮೆ ಒಬ್ಬ ತಾಯಿಯನ್ನು ‘ಹೊಳ್ಳಿ ಯಾವಾಗ ಬರ್ತೀರಿ ಯಕ್ಕಾ?’ ಎಂದು ಕೇಳಿದೆ. ‘ಉಗಾದಿಗಿ ಬರ್ತೀವ್ರಿ, ಮುದುಕಿ ಒಬ್ಬಾಕಿ ಅದಾಳ ಮನ್ಯಾಗ’ ಎಂದರು. ಗುಳೆ ಹೋದವರಿಗೂ ನಿರಾಶ್ರಿತರಿಗೂ ಇರುವ ವ್ಯತ್ಯಾಸವನ್ನು ನಾನು ಅಂದಿನಿಂದ ಆ ಒಂದು ಪ್ರಶ್ನೆಯಿಂದಲೇ ಅಳೆಯುತ್ತೇನೆ. ಹೊಳ್ಳಿ ಬರುವ ದಾರಿ ಇದ್ದರೆ ಅದು ಗುಳೆ; ದಾರಿಯಲ್ಲೇ ಪ್ರಾಣಭಯ ಕುಳಿತಿದ್ದರೆ ಅವರು ನಿರಾಶ್ರಿತರು. ಹಾಗೆಂದು ಗುಳೆ ಹೋದವರ ಕಷ್ಟ ಕಡಿಮೆಯೆಂದು ಅರ್ಥವಲ್ಲ. ಅವರು ಈ ದೇಶದ ಪ್ರಜೆಗಳಾದ್ದರಿಂದ ಸಂವಿಧಾನದ 19ನೇ ವಿಧಿಯ ಪ್ರಕಾರ ದೇಶದ ಯಾವ ಭಾಗಕ್ಕಾದರೂ ಹೋಗಿ ನೆಲೆಸುವ ಹಕ್ಕು ಅವರಿಗಿದೆ. ಆ ಹಕ್ಕು ಕೈಯಲ್ಲಿದ್ದರೂ ಬೆಂಗಳೂರಿನ ತಗಡಿನ ಶೆಡ್ಡಿನಲ್ಲಿ ನೀರಿಗಾಗಿ, ಮಕ್ಕಳ ಶಾಲೆಗಾಗಿ ಪರದಾಡಬೇಕಾಗಿದೆ ಎಂಬುದು ಬೇರೆ ವಿಷಯ, ಮತ್ತು ನೋವಿನ ವಿಷಯ.

ಪ್ರಾಣಭಯದಿಂದ ಊರು ಬಿಡುವ ಎರಡನೆಯ ಬಗೆಯ ಅನುಭವವೂ ಈ ಜಿಲ್ಲೆಗಳಿಗೆ ಹೊಸದಲ್ಲ. ನಿಜಾಮನ ಪರ ನಿಂತ ಸಶಸ್ತ್ರ ಪಡೆಯಾದ ರಜಾಕಾರರ ಹಾವಳಿಯ ಕಾಲದಲ್ಲಿ ಹೈದರಾಬಾದ್ ಸಂಸ್ಥಾನದ ಅನೇಕ ಹಿಂದೂ ಕುಟುಂಬಗಳು ಗಡಿ ದಾಟಿ ಸೋಲಾಪುರದ ಕಡೆಗೆ ಹೋದವು. ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಬಳಿಕ ಜೀವ ಉಳಿಸಿಕೊಳ್ಳಲು ಹಳ್ಳಿ ಬಿಟ್ಟವರು ಮುಸ್ಲಿಂ ಕುಟುಂಬಗಳು. ಅಂದಿನ ಹಿಂಸೆಯನ್ನು ಪರಿಶೀಲಿಸಿದ ಸುಂದರಲಾಲ್ ಸಮಿತಿ, ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ನಾಂದೇಡ್‌ಗಳ ಜೊತೆಗೆ ಗುಲಬರ್ಗಾ, ಬೀದರ್‌ಗಳನ್ನೂ ಹೆಸರಿಸಿತು. ಎರಡೂ ಓಟಗಳನ್ನು ಒಟ್ಟಿಗೆ ನೆನೆಯದೆ ಈ ನೆಲದಲ್ಲಿ ‘ನಿರಾಶ್ರಿತ’ ಎಂಬ ಪದವನ್ನು ವಿವರಿಸಲು ಬರುವುದಿಲ್ಲ.

ಭಾರತವು 1951ರ ಒಪ್ಪಂದಕ್ಕಾಗಲಿ 1967ರ ಪ್ರೋಟೊಕಾಲಿಗಾಗಲಿ ಸಹಿ ಹಾಕಿಲ್ಲ, ಮತ್ತು ಇಲ್ಲಿ ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನು ಇಲ್ಲ. 1946ರ ವಿದೇಶಿಯರ ಕಾಯ್ದೆಯ ಕಣ್ಣಿನಲ್ಲಿ ಪ್ರಜೆಯಲ್ಲದವರೆಲ್ಲ ವಿದೇಶಿಯರೇ ಆಗಿದ್ದರು. ಅದರ ಜಾಗಕ್ಕೆ 2025ರಲ್ಲಿ ಬಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆಯೂ ನಿರಾಶ್ರಿತ ಎಂಬ ಸ್ಥಾನವನ್ನು ಬೇರೆಯಾಗಿ ಕಟ್ಟಿಕೊಟ್ಟಿಲ್ಲ. ಆದ್ದರಿಂದ ಯಾರಿಗೆ ಆಸರೆ ಎಂಬುದು ಆಯಾ ಕಾಲದ ಸರ್ಕಾರದ ತೀರ್ಮಾನಕ್ಕೆ ಬಿಟ್ಟ ಸಂಗತಿ. 2019ರ ಪೌರತ್ವ ತಿದ್ದುಪಡಿ ಕಾಯ್ದೆಯು ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರಿಗೆ ಪೌರತ್ವದ ದಾರಿ ತೆರೆಯಿತು. ಆ ದೇಶಗಳಲ್ಲಿ ಅಲ್ಪಸಂಖ್ಯಾತರಾಗಿ ನೊಂದವರಿಗೆ ಬೇರೆ ನೆಲೆಯಿಲ್ಲ ಎಂಬುದು ಬೆಂಬಲಿಗರ ವಾದ. ಭಯವನ್ನು ಅಳೆಯಬೇಕಾದ ಕಡೆ ಧರ್ಮವನ್ನು ಅಳೆಯಲಾಗಿದೆ, ಪಾಕಿಸ್ತಾನದ ಅಹ್ಮದಿಯಾ ಪಂಥದವರೂ ಶ್ರೀಲಂಕಾದ ತಮಿಳರೂ ಹೊರಗುಳಿದರು ಎಂಬುದು ವಿರೋಧಿಗಳ ವಾದ. ಮೊದಲ ವಾದದಲ್ಲಿರುವ ನೋವು ನಿಜ, ಆದರೆ ಎರಡನೆಯದು ಎತ್ತುವ ಪ್ರಶ್ನೆಗೆ ಉತ್ತರ ಇನ್ನೂ ಸಿಕ್ಕಿಲ್ಲ ಎಂದೇ ನನ್ನ ಅಭಿಪ್ರಾಯ.

ಈಚೆಗೆ ಇವೆಲ್ಲದರ ಮೇಲೆ ‘ನುಸುಳುಕೋರ’ ಎಂಬ ಪದ ಬಂದು ಕುಳಿತಿದೆ. ದಾಖಲೆಯಿಲ್ಲದೆ ಗಡಿ ದಾಟಿದವನು ಕಾನೂನು ಮುರಿದಿರಬಹುದು, ಭಯದಿಂದಲೂ ಓಡಿ ಬಂದಿರಬಹುದು. ಮನೆಗೆ ಬೆಂಕಿ ಬಿದ್ದಾಗ ಯಾರೂ ಪಾಸ್‌ಪೋರ್ಟ್ ಹುಡುಕುತ್ತ ನಿಲ್ಲುವುದಿಲ್ಲ. ವಿಚಾರಣೆಯಿಂದ ತಿಳಿಯಬೇಕಾದದ್ದನ್ನು ಈ ಪದ ವಿಚಾರಣೆಗೆ ಮೊದಲೇ ತೀರ್ಮಾನಿಸಿಬಿಡುತ್ತದೆ. ಪೂರ್ವ ಪಾಕಿಸ್ತಾನದಿಂದ ಬಂದು ಅರುಣಾಚಲ ಪ್ರದೇಶದಲ್ಲಿ ನೆಲೆಸಿದ ಚಕ್ಮಾ ಜನರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ, 21ನೇ ವಿಧಿಯ ಜೀವಿಸುವ ಹಕ್ಕು ಪ್ರಜೆಗಳಿಗಷ್ಟೇ ಅಲ್ಲ, ಈ ನೆಲದಲ್ಲಿರುವ ಪ್ರತಿಯೊಬ್ಬ ವ್ಯಕ್ತಿಗೂ ಇದೆ ಎಂದಿತು. ಆದರೆ 2021ರಲ್ಲಿ ಜಮ್ಮುವಿನ ರೋಹಿಂಗ್ಯಾಗಳ ವಿಷಯ ಬಂದಾಗ, ಗಡೀಪಾರಿಗೆ ಒಳಗಾಗದಿರುವ ಹಕ್ಕು ಪ್ರಜೆಗಳಿಗೆ ಮಾತ್ರ ಇರುವ 19ನೇ ವಿಧಿಗೆ ಸೇರಿದ್ದೆಂದು ಹೇಳಿ, ಕ್ರಮಬದ್ಧವಾಗಿ ನಡೆಯುವ ಗಡೀಪಾರನ್ನು ತಡೆಯಲಿಲ್ಲ.

ನಮ್ಮ ನೆರೆಯ ಸಿಂಧನೂರು ತಾಲ್ಲೂಕಿನಲ್ಲಿ ಆರ್.ಎಚ್. ಕ್ಯಾಂಪ್ (ಪುನರ್ವಸತಿ ಶಿಬಿರ) 1, 2 ಎಂದು ಎಣಿಕೆಯಿಂದಲೇ ಕರೆಯುವ ಊರುಗಳಿವೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಅಲ್ಲಿ ನೆಲೆ ಕೊಟ್ಟಿತು. ಅವರ ಮಕ್ಕಳು ಮನೆಯಲ್ಲಿ ಬಂಗಾಳಿಯನ್ನೂ ಸಂತೆಯಲ್ಲಿ ಕನ್ನಡವನ್ನೂ ಆಡುತ್ತಾರೆ. ಊರಿನ ಹೆಸರಿನಲ್ಲಿ ‘ಕ್ಯಾಂಪ್’ ಎಂಬುದು ಮಾತ್ರ ಇಂದಿಗೂ ಹಾಗೆಯೇ ಉಳಿದಿದೆ.